ತಿಪ್ಪಕ್ಕನ ಮೂವತ್ತೊಂದು ಹರಳು

ಇದು ಶುರುವಾದದ್ದು ಹನ್ನೊಂದು ವರ್ಷದ ಹಿಂದೆ, ಮಾಘದ ಚಳಿಯಲ್ಲಿ, ಬೆಳ್ಳಿ ಮೂಡಿ ಕೋಳಿ ಇನ್ನೂ ಕೂಗದ ಹೊತ್ತಿಗೆ. ಜೋಳ ಕೊಯ್ದ ಹೊಲಗಳಲ್ಲಿ ಕೂಳೆ ಮಾತ್ರ ನಿಂತಿತ್ತು. ತಿಪ್ಪಕ್ಕ ಒಬ್ಬರೇ ಊರ ಪಕ್ಕದ ಹಳ್ಳಕ್ಕೆ ಇಳಿದು, ಒಣ ಮರಳಿನಲ್ಲಿ ಕೂತು, ಹುಣಸೆಬೀಜಕ್ಕಿಂತ ಒಂದಿಷ್ಟು ದೊಡ್ಡವಾದ ಬೆಣಚುಕಲ್ಲುಗಳನ್ನು ಆರಿಸಿ ಸೆರಗಿಗೆ ಹಾಕಿಕೊಂಡರು. ಅವತ್ತು ಇಪ್ಪತ್ತಾರು ಇದ್ದವು. ಈ ಪುಷ್ಯದ ಹೊತ್ತಿಗೆ ಮೂವತ್ತೊಂದು ಆಗಿದ್ದವು.

ಇವತ್ತಿಗೂ ಭಾನುವಾರ ಬಂತೆಂದರೆ ಅದೇ ಹೊತ್ತಿಗೆ ತಿಪ್ಪಕ್ಕ ಎದ್ದಿರುತ್ತಾರೆ. ರಾಯದುರ್ಗಕ್ಕೆ ಐದು ಮೈಲಿ ದೂರದ ನಮ್ಮ ಊರಿನಲ್ಲಿ, ಹೊಲಗಳ ಅಂಚಿಗೆ, ಕ್ರೈಸ್ತರ ಸಭೆಯವರ ಮಣ್ಣಿನ ಗೋಡೆಯ ದೇವಾಲಯವಿದೆ. ಅದರ ಕಸ ಹೊಡೆದು, ಆರು ಕೊಡ ನೀರು ಹೊತ್ತು, ನೆಲ ಸಾರಿಸುವುದು ಅವರ ಕೆಲಸ. ಆಮೇಲೆ ತಾವೇ ನೂತ ಉಣ್ಣೆಯ ಚೀಲವನ್ನು ಬಿಚ್ಚಿ, ಬಾಗಿಲ ಪಕ್ಕದ ಉದ್ದನೆಯ ಕಲ್ಲುಕಟ್ಟೆಯ ಮೇಲೆ ಹರಳುಗಳನ್ನು ಸಾಲಾಗಿ ಇಡುತ್ತಾರೆ. ಒಂದೊಂದನ್ನೂ ಇಡುವಾಗ ತುಟಿ ಅಲ್ಲಾಡುತ್ತದೆ. ಎಣಿಸುತ್ತಿದ್ದಾರೆ ಎಂದುಕೊಂಡರೆ ತಪ್ಪು. ಅವರು ಹೇಳುತ್ತಿರುವುದು ಹೆಸರು.

ಇಟ್ಟಾದ ಮೇಲೆ ಹದಿನಾಲ್ಕು ಮನೆಗಳ ಮುಂದೆ ನಿಂತು "ಹೊತ್ತಾತು, ಏಳ್ರಿ" ಎಂದು ಕರೆಯುತ್ತಾ ಹೋಗುತ್ತಾರೆ. ಗಂಟೆ ಇಲ್ಲ. ಕೊಡಿಸುತ್ತೇವೆಂದು ಯಾರೋ ಒಮ್ಮೆ ಹೇಳಿದ್ದರಂತೆ. "ಗಂಟೆ ಬಂದಿದ್ರ ನನ್ನ ಕಾಲು ಯಾವಾಗೋ ಬಿದ್ದುಹೋಗ್ತಿದ್ವು ಬಿಡ್ರಿ" ಎನ್ನುತ್ತಾರೆ ತಿಪ್ಪಕ್ಕ.

ನಾವು ಆ ಸಭೆಯವರಲ್ಲ. ನಮ್ಮ ಹೊಲ ಅದರ ಪಕ್ಕಕ್ಕಿದೆ, ಅಷ್ಟೆ. ಆದರೂ ಎಷ್ಟೋ ವರ್ಷ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಒಳಗೆ ಮೂರ್ತಿ ಇಲ್ಲ, ಹರಕೆ ಇಲ್ಲ, ಕಾಯಿ ಒಡೆಯುವುದಿಲ್ಲ. ಹಾಗಾದರೆ ವಾರಕ್ಕೊಮ್ಮೆ ಇವರೆಲ್ಲ ಕೂಡುವುದಾದರೂ ಯಾತಕ್ಕೆ? ಹಾಡುವುದಕ್ಕಾದರೆ ಮನೆಯಲ್ಲೇ ಹಾಡಬಹುದು. ಒಂದು ದಿನ ಬದುವಿನ ಮೇಲೆ ಕೂತಿದ್ದಾಗ ಕೇಳಿಯೇಬಿಟ್ಟೆ. ತಿಪ್ಪಕ್ಕ ಉಣ್ಣೆ ನೂಲುವ ಕದಿರು ತಿರುಗಿಸುವುದನ್ನು ನಿಲ್ಲಿಸಲಿಲ್ಲ.

"ನಮಗೂ ಮೊದಲು ಗೊತ್ತಿರಲಿಲ್ಲಣ್ಣಾ. ಜುಂಜಮ್ಮ ಸತ್ತ ಮ್ಯಾಲೆ ಗೊತ್ತಾತು."

ಜುಂಜಮ್ಮ ಹಳ್ಳದ ಆಚೆ ಗುಡಿಸಲಲ್ಲಿದ್ದ ಒಂಟಿ ಹೆಂಗಸು. ಸಭೆಗೆ ಸೇರಿದವರು. ಜ್ವರ ಬಂದು ಮಲಗಿದ ಮೇಲೆ ಶುಕ್ರವಾರದಿಂದ ಅವರಿಗೆ ನೀರು ಕೊಡುವವರಿರಲಿಲ್ಲ. ಭಾನುವಾರ ಇಲ್ಲಿ ಆರಾಧನೆ ನಡೆಯಿತು, ಉಪದೇಶದ ಪ್ರಸಂಗವಾಯಿತು, ಎಲ್ಲರೂ ಮನೆಗೆ ಹೋದರು. ಸೋಮವಾರ ಕುರಿ ಮೇಯಿಸಲು ಆ ಕಡೆ ಹೋದವನೊಬ್ಬ ಬಾಗಿಲು ತೆರೆದು ನೋಡಿದ.

"ಆಕಿ ಕೂಡ್ತಿದ್ದ ಜಾಗ ನನ್ನ ಪಕ್ಕದಾಗ" ಎನ್ನುತ್ತಾರೆ ತಿಪ್ಪಕ್ಕ. "ಆ ಜಾಗ ಖಾಲಿ ಇತ್ತು. ನಾನು ಕಾಲು ಚಾಚ್ಕೊಂಡು ಆರಾಮ ಕುಂತೆ. ಆಕಿ ಬಂದಿಲ್ಲಂತ ನನಗ ಹೊಳೀಲೇ ಇಲ್ಲ. ಒಂದು ಕುರಿ ಆಗಿದ್ರ ಹೊಳೀತಿತ್ತು."

ತಿಪ್ಪಕ್ಕ ದೊಡ್ಡ ಬರದ ಮರುವರ್ಷ ಹುಟ್ಟಿದವರಂತೆ. ಹುಟ್ಟಿದ ಮನೆ, ಕೊಟ್ಟ ಮನೆ ಎರಡೂ ಕುರಿ ಸಾಕುವವರದು. ಅಕ್ಷರ ಬರುವುದಿಲ್ಲ. ಸಂಜೆ ಕುರಿ ದೊಡ್ಡಿಗೆ ಕೂಡುವಾಗ ಒಂದು ಕುರಿಗೆ ಒಂದು ಹರಳು ತೆಗೆದಿಡುವುದನ್ನು ಅವರಪ್ಪ ಕಲಿಸಿದ್ದರು. ಹರಳು ಉಳಿಯಿತೆಂದರೆ ಕುರಿ ಗುಡ್ಡದಲ್ಲಿ ಉಳಿದಿದೆ ಎಂದರ್ಥ. ಕಂಬಳಿ ಹೊದ್ದು ಹುಡುಕಲು ಹೋಗಬೇಕು. ಗಂಡ ತೀರಿಕೊಂಡು, ಕುರಿಗಳೂ ಕೈಬಿಟ್ಟು ಹೋಗಿದ್ದವು. ಉಣ್ಣೆ ನೂತು ಹೊಟ್ಟೆ ಹೊರೆಯುತ್ತಿದ್ದರು. ಜುಂಜಮ್ಮನನ್ನು ಮಣ್ಣು ಮಾಡಿದ ವಾರ ಅಪ್ಪನ ಹರಳು ನೆನಪಾದವು.

ಪದ್ಧತಿ ಹೀಗಿದೆ. ಆರಾಧನೆಗೆ ಬಂದವರು ಕಟ್ಟೆಯಿಂದ ತಮ್ಮ ಹರಳನ್ನು ಎತ್ತಿಕೊಂಡು ಒಳಗೆ ಹೋಗುತ್ತಾರೆ. ಮುಗಿಯುವ ತನಕ ಅದು ಕೈಯಲ್ಲಿರುತ್ತದೆ. ಹೊರಗೆ ಬರುವಾಗ ತಿಪ್ಪಕ್ಕನ ಚೀಲಕ್ಕೆ ಹಾಕುತ್ತಾರೆ. ಕಟ್ಟೆಯ ಮೇಲೆ ಉಳಿದ ಹರಳುಗಳ ಹೆಸರು ಹೇಳಿದಾಗ ಬಂದವರಲ್ಲಿ ಯಾರಾದರೊಬ್ಬರು ಅದನ್ನು ಎತ್ತಿಕೊಳ್ಳಬೇಕು. ಎತ್ತಿಕೊಂಡವರು ಆ ಮನೆಗೆ ಹೋಗಿ ಏನಾಗಿದೆ ನೋಡಿ, ಆಗಬೇಕಾದ್ದು ಮಾಡಿ, ಸಂಜೆಯೊಳಗೆ ಹರಳನ್ನು ತಂದು ಕೊಡಬೇಕು. ಕಟ್ಟೆ ಖಾಲಿ ಆಗುವ ತನಕ ಯಾರೂ ಮನೆಗೆ ಹೋಗುವ ಹಾಗಿಲ್ಲ. ಜಗಳವಾಡಿಕೊಂಡು ಬಾರದವರ ಹರಳನ್ನು ಜಗಳವಾಡಿದವರೇ ಎತ್ತಬೇಕು. ಹೊಸಬರು ಸೇರಿದರೆ ತಮ್ಮ ಹರಳನ್ನು ತಾವೇ ಹಳ್ಳದಿಂದ ಆರಿಸಿ ತರುತ್ತಾರೆ. ಸತ್ತವರದು ಹಳ್ಳಕ್ಕೆ ಹೋಗುತ್ತದೆ. ಊರು ಬಿಟ್ಟವರದು ಅವರ ಜೊತೆಗೆ ಹೋಗುತ್ತದೆ.

ಮೊದಮೊದಲು ನಕ್ಕವರೇ ಹೆಚ್ಚು. ಸಭೆಯ ಹಿರಿಯ ಕದರಪ್ಪನ ಬಾಯಿ ಸುಮ್ಮನಿರುವಂಥದ್ದಲ್ಲ. "ಕಲ್ಲು ಬ್ಯಾಡಂತ ದೀಕ್ಷಾಸ್ನಾನ ಮಾಡಿಸ್ಕೊಂಡ್ರ, ನೀನು ತಿರುಗಾ ಕೈಗೆ ಕಲ್ಲು ಕೊಡ್ತೀಯಲ್ಲಬೇ" ಎಂದಿದ್ದನಂತೆ. ಉಪದೇಶಿ ಸಣ್ಣಬಸಪ್ಪನವರಿಗೂ ಅದು ಹಿಡಿಸಿರಲಿಲ್ಲ. ಅವರು ಮಡಕಶಿರದ ಕಡೆಯವರು, ಅಮರಾಪುರದ ಹತ್ತಿರ ಹುಟ್ಟಿದವರು. ಪ್ರಾರ್ಥನೆ ನಡೆಸಲು ಮಿಷನ್ನಿನವರು ಸಂಬಳ ಕೊಟ್ಟು ಇಲ್ಲಿಗೆ ಕಳಿಸಿದ್ದರು.

"ಹಾಜರಿ ಪುಸ್ತಕ ಐತಲ್ಲಮ್ಮ, ಇದ್ಯಾಕೆ ಮತ್ತೆ?" ಎಂದು ಅವರು ಕೇಳಿದರಂತೆ.

"ನಿಮ್ಮ ಪುಸ್ತಕ ಎದ್ದು ಯಾರ ಮನಿಗಾರ ಹೋಗ್ತೈತೇನ್ರಿ?" ಎಂದರಂತೆ ತಿಪ್ಪಕ್ಕ.

ಆ ಮಾತನ್ನು ಉಪದೇಶಿಯವರೇ ನಗುತ್ತಾ ನನಗೆ ಹೇಳಿದ್ದಾರೆ. ಆ ವಾರವೇ ಅವರು ಕ್ರಿಸ್ತನ ಮಾತು ಸಾರಿದ ಅಪೊಸ್ತಲನೊಬ್ಬ ಬರೆದ ಪತ್ರ ತೆಗೆದು ಪ್ರಸಂಗ ಮಾಡಿದರಂತೆ. ಸಭೆ ಎಂದರೆ ಕಟ್ಟಡವಲ್ಲ, ಕ್ರಿಸ್ತನ ದೇಹ. ಸೇರಿದವರೆಲ್ಲ ಅದರ ಅಂಗಗಳು. ಕಣ್ಣಿನ ಕೆಲಸ ಬೇರೆ, ಕಾಲಿನ ಕೆಲಸ ಬೇರೆ, ಯಾವುದೂ ಮತ್ತೊಂದನ್ನು ಬೇಡವೆನ್ನುವಂತಿಲ್ಲ. ಒಂದಕ್ಕೆ ನೋವಾದರೆ ಎಲ್ಲಕ್ಕೂ ನೋವು. ಇದು ತಿಪ್ಪಕ್ಕನಿಗೆ ಹೊಸ ಮಾತೆನಿಸಲಿಲ್ಲ. "ಕಾಲಿಗೆ ಮುಳ್ಳು ಚುಚ್ಚಿದ್ರ ಕೈ ತಾನಾ ಹೋಗ್ತೈತಿ. ಹೋಗಂತ ಯಾರನ್ನ ಕಳಿಸ್ತೀವಿ?" ಎನ್ನುತ್ತಾರೆ. ತಪ್ಪಿಸಿಕೊಂಡ ಒಂದು ಕುರಿಯನ್ನು ಹುಡುಕಿಕೊಂಡು ಹೋದ ಕುರುಬನ ಕತೆಯೂ ಅವರ ವೇದದಲ್ಲಿದೆಯಂತೆ. "ಆ ಕತಿ ಹೇಳಿದವ್ರಿಗೆ ಕುರಿ ಕಾಯೋದು ಗೊತ್ತಿತ್ರಿ" ಎಂಬುದು ಅವರ ತೀರ್ಮಾನ.

ನಾನು ನೋಡಿದ ಹಾಗೆ ಹರಳು ಎತ್ತುವುದರಲ್ಲೂ ಒಂದು ಕ್ರಮ ಬಂದಿದೆ. ಬಸುರಿ ಬಾಣಂತಿಯರದು ಸೂಲಗಿತ್ತಿ ದ್ಯಾಮಮ್ಮನ ಪಾಲು. ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಪ್ರಾರ್ಥನೆ ಮಾಡಲಾರದ ಒಬ್ಬ ಗಂಡಾಳಿದ್ದಾನೆ. ಅವನು ಹರಳು ಎತ್ತಿಕೊಂಡು ಹೋದ ಮನೆಯಲ್ಲಿ ಮಾತಿಲ್ಲದೆ ಸೌದೆ ಒಡೆದಿಟ್ಟು ಬರುತ್ತಾನೆ. ಪ್ರಸಂಗ ಹೇಳುವವರು ಒಬ್ಬರಾದರೂ ಸಭೆಯ ಕೆಲಸ ಮೂವತ್ತೊಂದು ಮಂದಿಗೆ ಹಂಚಿ ಹೋಗಿತ್ತು. ನನ್ನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿ ಸಿಕ್ಕಿತ್ತು. ಉಳಿದರ್ಧ ಈ ಪುಷ್ಯದಲ್ಲಿ ಸಿಕ್ಕಿತು.

ಕಾರ್ತಿಕ ಮುಗಿಯುವ ಹೊತ್ತಿಗೆ ಒಂದು ಕಾಗದ ಬಂದಿತ್ತು. ತೆಲುಗಿನಲ್ಲಿದ್ದುದನ್ನು ಸಣ್ಣಬಸಪ್ಪನವರು ಓದಿ ಕನ್ನಡದಲ್ಲಿ ಹೇಳಿದರು. ಮಿಷನ್ನಿಗೆ ಕೈ ಬಿಗಿಯಾಗಿದೆ, ಸಣ್ಣ ಊರುಗಳ ಉಪದೇಶಿಗಳನ್ನು ತೆಗೆಯುತ್ತಾರೆ. ಪುಷ್ಯದ ಒಂದು ಭಾನುವಾರ ಪಾಸ್ಟರ್ ಅಯ್ಯನವರು ಬಂದು ನೋಡುತ್ತಾರೆ. ಇಪ್ಪತ್ತೈದು ಮಂದಿ ಸಭಿಕರಾದರೂ ಕಾಣದಿದ್ದರೆ ಬಾಗಿಲಿಗೆ ಬೀಗ ಹಾಕಿ, ಸಭೆಯನ್ನು ರಾಯದುರ್ಗದ ಸಭೆಗೆ ಸೇರಿಸುತ್ತಾರೆ.

ಹರೆಯದವರಿಗೆ ಐದು ಮೈಲಿ ದೊಡ್ಡದಲ್ಲ. ಆದರೆ ಹಳ್ಳದ ಆಚೆ, ಜುಂಜಮ್ಮನ ಗುಡಿಸಲ ಪಕ್ಕದಲ್ಲೇ, ಚಿಕ್ಕತಿಮ್ಮಯ್ಯನೆಂಬ ಮುದುಕ ಒಬ್ಬನೇ ಇದ್ದಾನೆ. ಕಾಲು ಎಳೆಯುತ್ತಾ ಕೋಲೂರಿಕೊಂಡು ಇಲ್ಲಿಗೆ ಬರುವುದೇ ಅವನಿಗೆ ಒಂದು ದಿನದ ಕೆಲಸ. "ರಾಯದುರ್ಗದಾಗ ಆತನ ಹರಳು ಇಡೋರ್ಯಾರು, ಎತ್ತೋರ್ಯಾರು?" ಎಂದು ತಿಪ್ಪಕ್ಕ ಆ ತಿಂಗಳೆಲ್ಲ ಚಿಂತೆ ಮಾಡಿದರು.

ಆ ಭಾನುವಾರ ಹತ್ತಿ ಬಿಡಿಸುವ ಕಾಲ. ಒಂಬತ್ತು ಮಂದಿ ಬೊಮ್ಮನಹಾಳದ ಕಡೆ ಕೂಲಿಗೆ ಹೋಗಿದ್ದರು. ಇಬ್ಬರಿಗೆ ಜ್ವರ. ಪಾಸ್ಟರಿಗೆ ಅಡುಗೆ ಮಾಡಬೇಕೆಂದು ತಿಪ್ಪಕ್ಕ ಮನೆಗಳನ್ನು ಸುತ್ತುವುದನ್ನು ಅರ್ಧಕ್ಕೆ ಬಿಟ್ಟರು. ಹಳ್ಳದ ಆಚೆಗೆ ತಾನು ಹೋಗಿ ಕರೆಯುತ್ತೇನೆಂದ ಕದರಪ್ಪ ಮಾವಿನ ತೋರಣ ಕಟ್ಟುವುದರಲ್ಲಿ ಅದನ್ನು ಮರೆತ.

ಪಾಸ್ಟರು ಬಂದರು. ಮಕ್ಕಳು, ನೆಂಟರು ಎಲ್ಲ ಸೇರಿ ಒಳಗೆ ಕಾಲಿಡಲು ಜಾಗವಿರಲಿಲ್ಲ. ಸಭಿಕರು ಯಾರು, ನೋಡಲು ಬಂದವರು ಯಾರೆಂದು ಹೊಸಬರಿಗೆ ತಿಳಿಯುವಂತಿರಲಿಲ್ಲ. ಹರಳಿನ ವಿಷಯ ಉಪದೇಶಿಯವರು ಮೊದಲೇ ಬರೆದು ತಿಳಿಸಿದ್ದರು. ಆರಾಧನೆ ಮುಗಿಸಿ ಹೊರಗೆ ಬಂದ ಪಾಸ್ಟರು ನೇರವಾಗಿ ಕಟ್ಟೆಯ ಕಡೆ ನೋಡಿದರು. ಕಟ್ಟೆ ಖಾಲಿ ಇತ್ತು.

"ಸಂತೋಷ. ಎಲ್ಲರೂ ಬಂದಿದ್ದೀರಿ" ಎಂದರು.

ಹೊರಗಿನ ಬೇವಿನ ಕೆಳಗೆ ನಿಂತಿದ್ದ ನನಗೆ ತಿಪ್ಪಕ್ಕನ ಮುಖ ಕಾಣುತ್ತಿತ್ತು. ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಬ್ಬೊಬ್ಬರೂ ಹರಳು ಹಾಕಿ ಆಚೆ ಬಂದರು. ಹತ್ತೊಂಬತ್ತಕ್ಕೆ ನಿಂತಿತು. ಕದರಪ್ಪ ಎದುರಿಗೆ ನಿಂತು ಸುಮ್ಮನಿರು ಎಂಬಂತೆ ಕಣ್ಣು ಮಿಟುಕಿಸಿದ. ಸುಮ್ಮನಿದ್ದರೆ ಬಾಗಿಲಿಗೆ ಬೀಗ ಬೀಳುತ್ತಿರಲಿಲ್ಲ. ತಿಪ್ಪಕ್ಕ ಚೀಲದ ಬಾಯನ್ನು ಬಿಗಿ ಮಾಡಿದರು.

"ಕದರಪ್ಪಾ, ಹನ್ನೆರಡು ಕೊಡಪ್ಪ" ಎಂದರು.

"ಯಾವ ಹನ್ನೆರಡಬೇ?"

"ಆ ರುಮಾಲು ಇವತ್ತ್ಯಾಕ ಅಷ್ಟು ದಪ್ಪ ಆಗೇತಿ?"

ಕದರಪ್ಪ ಪಾಸ್ಟರನ್ನು ನೋಡಿದ, ಉಪದೇಶಿಯವರನ್ನು ನೋಡಿದ. ಆಮೇಲೆ ರುಮಾಲು ಬಿಚ್ಚಿದ. ಹರಳುಗಳು ಕಟ್ಟೆಯ ಮೇಲೆ ಉದುರಿದವು. "ಬಾಗಿಲು ತೆರೆದಿರ್ಲಿ ಅಂತ ಮಾಡಿದೆ" ಎಂದ, ನನಗೆ ಅರ್ಧಂಬರ್ಧ ಕೇಳಿಸುವಷ್ಟು ಮೆಲ್ಲಗೆ.

ತಿಪ್ಪಕ್ಕ ಅವನನ್ನು ಬೈಯಲಿಲ್ಲ. ಒಂದೊಂದೇ ಹರಳು ಎತ್ತಿ ಹೆಸರು ಹೇಳಿದರು. ಒಂಬತ್ತು ಹತ್ತಿಯವರದು. ಎರಡು ಜ್ವರದವರದು. ಕೊನೆಯದರಲ್ಲಿ ಕೆಂಪು ಗೆರೆ ಇತ್ತು. "ಚಿಕ್ಕತಿಮ್ಮಯ್ಯಂದು. ಹಳ್ಳದ ಆಚೆ ಯಾರು ಹೋಗಿದ್ರಿ?"

ಕದರಪ್ಪ ಕೈಯಲ್ಲಿದ್ದ ರುಮಾಲನ್ನು ಸುತ್ತಿಕೊಳ್ಳದೆ ಓಡಿದ. ತಿಪ್ಪಕ್ಕ ಅವನ ಹಿಂದೆ ಹೊರಟರು. ಪಾಸ್ಟರು ಆ ಕೆಂಪು ಗೆರೆಯ ಹರಳನ್ನು ತಾವೇ ಎತ್ತಿಕೊಂಡು, ಪಂಚೆ ಎತ್ತಿ ಕಟ್ಟಿ ಮರಳಿಗೆ ಇಳಿದರು. ಉಳಿದ ಹನ್ನೊಂದು ಹರಳುಗಳನ್ನು ಉಳಿದವರು ಹಂಚಿಕೊಂಡರು. ಕೂಲಿಗೆ ಹೋದವರ ಮನೆಯ ಮುದುಕರನ್ನು, ಕಟ್ಟಿಹಾಕಿದ ದನಗಳನ್ನು ನೋಡಲು ಒಬ್ಬೊಬ್ಬರು ಒಂದೊಂದು ಕಡೆ ಹೊರಟರು. ಗಳಿಗೆಯೊಳಗೆ ದೇವಾಲಯದ ಮುಂದೆ ತೋರಣ ಬಿಟ್ಟರೆ ಏನೂ ಉಳಿಯಲಿಲ್ಲ. ಆಗ ನನಗೆ ಅನಿಸಿತು: ಇವರು ಇಲ್ಲಿ ಕೂಡುವುದು ಹೀಗೆ ಹೊರಡುವುದಕ್ಕೆ.

ಚಿಕ್ಕತಿಮ್ಮಯ್ಯ ಶನಿವಾರ ಸಂಜೆಯೇ ಹೊಸ್ತಿಲು ಎಡವಿ ಬಿದ್ದಿದ್ದ. ಕಾಲಿನ ಮೂಳೆ ಮುರಿದಿತ್ತು. ನೀರಿನ ಮಡಕೆ ಕಣ್ಣಿಗೆ ಕಾಣುತ್ತಿದ್ದರೂ ಕೈಗೆ ಎಟುಕುತ್ತಿರಲಿಲ್ಲ. ನೀರು ಕುಡಿಸಿದ ಮೇಲೆ, ಪಾಸ್ಟರ ಕೈಯಲ್ಲಿ ತನ್ನ ಹರಳು ಕಂಡು, "ಪಾಸ್ಟರನ್ನಾ ಕಳಿಸೀಯೇನಬೇ ತಿಪ್ಪಿ, ನಾನೇನು ಸತ್ತೀನೇನು?" ಎಂದನಂತೆ. ಕಂಬಳಿಯಲ್ಲಿ ಮಲಗಿಸಿ ನಾಲ್ವರು ಹೊತ್ತು ತಂದರು. ಮುಂದಿನ ಮೂಲೆ ಹಿಡಿದವನು ಕದರಪ್ಪ.

ತಿಪ್ಪಕ್ಕ ಮಾತ್ರ ಆ ದಿನವನ್ನು ತಮ್ಮ ಲೆಕ್ಕಕ್ಕೇ ಹಾಕಿಕೊಳ್ಳುತ್ತಾರೆ. "ಕದರಪ್ಪಂದೇನೂ ಇಲ್ರಿ. ಅಡಿಗಿ ದೊಡ್ಡದಂತ ಸುತ್ತು ಬಿಟ್ಟಾಕಿ ನಾನು."

ಹೋಗುವ ಮೊದಲು ಪಾಸ್ಟರು ತಮ್ಮ ವರದಿಯನ್ನು ಎಲ್ಲರೆದುರು ಓದಿದರು. ಅದರಲ್ಲಿ ಒಂದು ಸಾಲು ಉಪದೇಶಿಯವರಿಗೆ ಬಾಯಿಪಾಠವಾಗಿದೆ: ಬಂದವರು ಹತ್ತೊಂಬತ್ತು, ಸಭೆ ಮೂವತ್ತೊಂದು. ಮೂರು ವಾರದ ಮೇಲೆ ಉತ್ತರ ಬಂತು. ಉಪದೇಶಿ ಇರುವುದಿಲ್ಲ. ಬೀಗವನ್ನೂ ಹಾಕುವುದಿಲ್ಲ. ಸಭಿಕರೇ ಸರದಿಯ ಮೇಲೆ ಆರಾಧನೆ ನಡೆಸಿಕೊಳ್ಳಬಹುದು.

ಮೊದಲ ಸರದಿ ದ್ಯಾಮಮ್ಮನದಾಯಿತು. ಈ ವಾರ ಕದರಪ್ಪನದು. ಅಕ್ಷರ ಕೂಡಿಸಿ ಓದುತ್ತಾ ಬದುವಿನ ಮೇಲೆ ಓಡಾಡುತ್ತಿದ್ದಾನೆ, ಬೆವರುತ್ತಿದ್ದಾನೆ. ಚಿಕ್ಕತಿಮ್ಮಯ್ಯ ಕಾಲಿಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ತಿಪ್ಪಕ್ಕನ ಪಡಸಾಲೆಯಲ್ಲಿ ಮಲಗಿದ್ದಾನೆ. ಅವನ ಹರಳನ್ನು ಈಗಲೂ ಕಟ್ಟೆಯ ಮೇಲೆ ಇಡುತ್ತಾರೆ. ಯಾರಾದರೊಬ್ಬರು ಎತ್ತಿಕೊಂಡು ಬಂದು ಅವನ ಜೊತೆ ಎಲೆಅಡಿಕೆ ಹಾಕಿಕೊಂಡು ಹೋಗುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ತಿಪ್ಪಕ್ಕ ಬಾಗಿಲ ಪಕ್ಕದ ಕಟ್ಟೆಯ ಕಡೆ ಕೈ ತೋರಿಸುತ್ತಾರೆ. "ಆ ಕಟ್ಟಿ ಸಾಲದಂಗ ಆಗ್ಬೇಕ್ರಿ. ಇನ್ನೊಂದು ಕಲ್ಲು ಎಳ್ಕೊಂಡು ಬರಬೇಕು, ನಾನಿರೋದ್ರೊಳಗ."

ಸಣ್ಣಬಸಪ್ಪನವರು ಹೊರಡುವ ದಿನ ಬೆಳಿಗ್ಗೆ ತಿಪ್ಪಕ್ಕ ಚೀಲದಲ್ಲಿ ಕೈಯಾಡಿಸಿ, ನೋಡದೆಯೇ ಅವರ ಹರಳನ್ನು ತೆಗೆದು ಅಂಗೈಗೆ ಇಟ್ಟರು.

"ನಮ್ಮೂರಲ್ಲಿ ಇದನ್ನ ಇಡಾಕೆ ಕಟ್ಟೆ ಇಲ್ವಲ್ಲಮ್ಮ" ಎಂದರು ಅವರು.

"ಹೊಸ್ತಿಲ ಮ್ಯಾಲೆ ಇಡ್ರಿ. ಏನಂತ ಯಾರಾರ ಕೇಳ್ತಾರ."

ಹನ್ನೆರಡು ವರ್ಷ ನಮ್ಮೂರಲ್ಲಿದ್ದ ಸಣ್ಣಬಸಪ್ಪನವರು, ಕದರಪ್ಪನ ತಲೆಯ ಮೇಲೆ ಪೆಟ್ಟಿಗೆ ಹೊರಿಸಿ, ಅಂಗಿಯ ಜೇಬಿನಲ್ಲಿ ಹರಳು ಇಟ್ಟುಕೊಂಡು, ರಾಯದುರ್ಗದ ದಾರಿ ಹಿಡಿದು ಅಮರಾಪುರಕ್ಕೆ ಹೊರಟುಹೋದರು. ಅವತ್ತು ಮಾಘದ ಎರಡನೆಯ ಸೋಮವಾರ.