ಮುಕಾದಮರು ಮಾಡಿಸಿಕೊಟ್ಟ ಪರಿಚಯ

ಕಳೆದ ತಿಂಗಳು ನಮ್ಮ ಕಟ್ಟಡದ ಲಿಫ್ಟ್ ಕೆಟ್ಟಿತ್ತು. ರಿಪೇರಿಗೆ ಬಂದವರು ಹಳೆಯ ತಂತಿ ಹಗ್ಗವನ್ನು ಸುರುಳಿ ಸುತ್ತಿ ನಮ್ಮ ಬಾಗಿಲ ಪಕ್ಕದಲ್ಲೇ ಇಟ್ಟುಹೋಗಿದ್ದರು. ಹಾಲು ತರಲು ಹೊರಟವನಿಗೆ ಆ ಕಪ್ಪು ಗ್ರೀಸಿನ ವಾಸನೆ ಬಡಿಯಿತು. ಗೋಡೆ ಹಿಡಿದು ನಿಂತುಬಿಟ್ಟೆ. ದಾಂಡೇಲಿಯಲ್ಲಿ ಮರ ಕೊಯ್ಯುವ ಒಂದು ಸಾಮಿಲ್ಲು, ಅದರ ಅಂಗಳದಲ್ಲಿ ಬಿದ್ದ ದಿಮ್ಮಿಗಳು, ಅವುಗಳ ನಡುವೆ ನಿಂತ ಮುಕಾದಮರು...

ಅರವತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ನಾಲ್ಕು. ಹುಬ್ಬಳ್ಳಿಯ ಅಂಗಡಿಯೊಂದರ ಪರವಾಗಿ ತಂತಿ ಹಗ್ಗ, ಕೊಕ್ಕೆ, ಗರಗಸದ ಅಲಗು ಮಾರಲು ದಾಂಡೇಲಿಗೆ ಬಂದಿದ್ದೆ. ಊರಲ್ಲಿ ಒಬ್ಬರ ಪರಿಚಯವೂ ಇರಲಿಲ್ಲ. ಸಿಕ್ಕವರ ಮುಂದೆ ಚೀಲ ಬಿಚ್ಚಿ, ಒಂದೇ ಉಸಿರಿನಲ್ಲಿ ನನ್ನ ಮಾಲನ್ನು ಹೊಗಳುತ್ತಿದ್ದೆ. ಎಲ್ಲರೂ "ಆಮ್ಯಾಲೆ ಬರ್ರಿ" ಅನ್ನುವವರೇ. ಎಂಟನೆಯ ದಿನ ಸಾಮಿಲ್ಲಿನ ಎದುರಿನ ಚಹಾದಂಗಡಿಯಲ್ಲಿ ಮೋರೆ ಇಳಿಬಿಟ್ಟು ಕೂತಿದ್ದಾಗ ಒಬ್ಬರು ಬಂದು ಪಕ್ಕದಲ್ಲಿ ಕುಳಿತರು. ಆ ಮಿಲ್ಲಿನಲ್ಲಿ ದಿಮ್ಮಿ ಎಳೆಯುವ ಆಳುಗಳನ್ನು ನೋಡಿಕೊಳ್ಳುವ ಮುಕಾದಮರು. ಜೊಯಿಡಾ ಕಡೆಯ ಸಿದ್ದಿ ಮನೆತನದವರು, ಐವತ್ತರ ಹತ್ತಿರದ ವಯಸ್ಸು.

"ಮೊದಲ ಆ ಚೀಲ ಕೆಳಗ ಇಡ್ರಿ," ಎಂದರು. "ಚೀಲ ಹಿಡಕೊಂಡು ನಿಂತವರ ಕೂಡ ಯಾರು ಮನಸು ಬಿಚ್ಚಿ ಮಾತಾಡ್ತಾರ?"

ಅಂದಿನಿಂದ ರಜೆಯ ದಿನ ಅವರು ನನ್ನನ್ನು ಕರೆದುಕೊಂಡು ತಿರುಗತೊಡಗಿದರು. ಹಳಿಯಾಳದ ಕಟ್ಟಿಗೆ ವ್ಯಾಪಾರಿಗಳು, ಜೊಯಿಡಾದ ಗುತ್ತಿಗೆದಾರರು, ಲಾರಿ ಮಾಲೀಕರು... ಎಲ್ಲರ ಬಳಿಯೂ ಅವರಿಗೆ ಸಲುಗೆ. "ಮೊದಲನೇ ಸಲ ಏನೂ ಮಾರಬ್ಯಾಡ್ರಿ. ಅವರ ಕೆಲಸ ನೋಡ್ರಿ, ಅವರು ಹೇಳೂದು ಕೇಳ್ರಿ," ಎನ್ನುತ್ತಿದ್ದರು. ಹಳಿಯಾಳದ ಒಬ್ಬ ವ್ಯಾಪಾರಿ ಎರಡು ಸಲ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದರು. ಮೂರನೆಯ ಸಲ, ಅವರ ಹೆಂಡತಿಗೆ ಹುಷಾರಿಲ್ಲವೆಂದು ಕೇಳಿದ್ದು ನೆನಪಾಗಿ "ಮನಿಯವರಿಗೆ ಈಗ ಹೆಂಗೈತ್ರಿ?" ಎಂದೆ. ಅವರು ತಾವೇ ಕುರ್ಚಿ ಎಳೆದು ಕೊಟ್ಟರು.

ಇದರ ರುಚಿ ಹತ್ತಿತು. ಒಂದು ಸಣ್ಣ ಪುಸ್ತಕ ಕೊಂಡು ಯಾರ ಮಗಳ ಮದುವೆ, ಯಾರ ಮಗ ಎಷ್ಟನೆಯ ಇಯತ್ತೆ ಎಂದೆಲ್ಲ ಬರೆದಿಟ್ಟುಕೊಂಡೆ. ಒಮ್ಮೆ ಮುಕಾದಮರು ಅದನ್ನು ನೋಡಿದರು. ಅವರಿಗೆ ಓದು ಬರುತ್ತಿರಲಿಲ್ಲ. ಏನು ಬರೆದಿದ್ದೀರಿ ಎಂದು ಕೇಳಿ ತಿಳಿದುಕೊಂಡರು. ಪುಸ್ತಕವನ್ನು ನನ್ನ ಕೈಗೆ ಮರಳಿಸಿ, "ಬರದಿಟ್ಟು ಕೇಳಿದ್ರ ಅದೂ ವ್ಯಾಪಾರನ ಆತಲ್ರಿ," ಎಂದರು. ನನಗೆ ನಾಚಿಕೆಯಾಯಿತು. ಪುಸ್ತಕವನ್ನು ಮಾತ್ರ ಬಿಡಲಿಲ್ಲ.

ಕೊನೆಗೆ ಅವರು ಮಿಲ್ಲಿನ ಮಾಲೀಕರಾದ ತಮ್ಮ ಸಾಹುಕಾರರ ಪರಿಚಯವನ್ನೂ ಮಾಡಿಸಿಕೊಟ್ಟರು. ಆ ಮನುಷ್ಯ ಬಿಗಿ. ಆದರೂ ವರ್ಷದೊಳಗೆ ಅವರ ಕೋಣೆಯಲ್ಲಿ ಕೂತು ಚಹಾ ಕುಡಿಯುವಷ್ಟು ಹತ್ತಿರವಾದೆ. ಮುಂದಿನ ತಿಂಗಳು ಮಿಲ್ಲಿಗೆಲ್ಲ ಹೊಸ ಹಗ್ಗ ನನ್ನಿಂದಲೇ ಕೊಳ್ಳುವುದಾಗಿ ಹೇಳಿದ್ದರು.

ಒಂದು ಬೆಳಿಗ್ಗೆ ನಾವಿಬ್ಬರೂ ಹಾಗೆ ಕೂತಿದ್ದಾಗ ಮುಕಾದಮರು ಒಳಗೆ ಬಂದರು.

"ಸಾಹುಕಾರ್ರ, ಹಗ್ಗದ ಎಳಿ ಹರಿಯಾಕ ಹತ್ಯಾವ್ರಿ. ಹೊಸಾದು ಬರೂತನಕ ದೊಡ್ಡ ದಿಮ್ಮಿ ಎಳಿಯೂದು ಬ್ಯಾಡ್ರಿ."

ಸಾಹುಕಾರರು ನನ್ನ ಕಡೆ ತಿರುಗಿದರು. "ಒಂದು ತಿಂಗಳು ತಡೀತೈತಿ. ಏನಂತೀರಿ?"

ಹಿಂದಿನ ದಿನವಷ್ಟೇ ಆ ಹಗ್ಗವನ್ನು ನಾನು ಕೈಯಿಂದ ಸವರಿ ನೋಡಿದ್ದೆ. ಅದು ತಡೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ಸಾಹುಕಾರರ ಮಾತಿಗೆ ಅಡ್ಡ ಬರುವ ಧೈರ್ಯವಾಗಲಿಲ್ಲ. "ತಡೀತೈತ್ರಿ," ಎಂದೆ.

ಮುಕಾದಮರು ಒಮ್ಮೆ ನನ್ನ ಮುಖ ನೋಡಿ ಹೊರಗೆ ಹೋದರು.

ಮೂರನೆಯ ದಿನ ಹಗ್ಗ ಹರಿಯಿತು. ಉರುಳಿದ ದಿಮ್ಮಿಯ ಕೆಳಗೆ ಒಬ್ಬ ಆಳಿನ ಕಾಲು ಸಿಕ್ಕಿತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಹಗ್ಗ ಹಾಳಾದದ್ದನ್ನು ತಮಗೆ ಯಾರೂ ಹೇಳಲಿಲ್ಲ, ಅದೆಲ್ಲ ಮುಕಾದಮರ ಜವಾಬ್ದಾರಿ ಎಂದು ಸಾಹುಕಾರರು ಹೇಳಿಕೆ ಕೊಟ್ಟರು. ಮುಕಾದಮರು ನನ್ನ ಕಡೆ ಕೈ ತೋರಿಸಿ, "ಇವರ ಮುಂದನ ಹೇಳೀನ್ರಿ," ಎಂದರು. ಅಧಿಕಾರಿ ನನ್ನನ್ನು ಕೇಳಿದರು.

"ನನಗೆ ನೆನಪಿಲ್ಲ ಸಾಹೇಬ್ರ," ಎಂದೆ.

ಮುಕಾದಮರ ಕೆಲಸ ಹೋಯಿತು. ಹೊಸ ಹಗ್ಗದ ಆರ್ಡರ್ ನನಗೇ ಬಂತು.

ನಾಲ್ಕು ತಿಂಗಳು ಸರಿಯಾಗಿ ನಿದ್ದೆ ಬರಲಿಲ್ಲ. ಕೊನೆಗೆ ಜೊಯಿಡಾ ಬಸ್ಸು ಹತ್ತಿ, ಇಳಿದು ಎರಡು ತಾಸು ಕಾಡುದಾರಿ ನಡೆದು ಅವರ ಹಳ್ಳಿಗೆ ಹೋದೆ. ಮುಕಾದಮರು ಅಂಗಳದಲ್ಲಿ ಬಿದಿರು ಸೀಳುತ್ತಿದ್ದರು. ನನ್ನನ್ನು ಕಂಡು ಕತ್ತಿ ಕೆಳಗಿಟ್ಟು ಎದ್ದರು. ಬೈಯುತ್ತಾರೆಂದು ನಿಂತಿದ್ದೆ. ಅವರು ಚಾಪೆ ಹಾಸಿ ಕೂರಿಸಿ, ಬೆಲ್ಲದ ಚಹಾ ಕೊಡಿಸಿ, "ನಿಮ್ಮ ಅವ್ವನ ಕಣ್ಣಿನ ಆಪರೇಶನ್ ಆತೇನ್ರಿ?" ಎಂದು ಕೇಳಿದರು. ಅದು ನಾನು ಎಂದೋ ಬಸ್ಸಿನಲ್ಲಿ ಹೇಳಿದ್ದ ಮಾತು. ನನಗೆ ತಡೆಯಲಾಗಲಿಲ್ಲ.

"ಮುಕಾದಮರ, ಆವತ್ತು ನಾನು..."

ಅವರು ಕೈ ಎತ್ತಿ ತಡೆದರು. "ನನ್ನ ಮುಂದ ಬ್ಯಾಡ್ರಿ. ನನ್ನದು ಕೆಲಸ ಹೋತು ಅಷ್ಟ. ಕಾಲು ಹೋದಾಂವ ಇಲ್ಲೇ ಹಳ್ಳದಾಚೆ ಅದಾನ. ಅವನ ಮುಂದ ಹೇಳ್ರಿ. ನಿಮಗ ಒಬ್ಬರಿಗೇ ಹೋಗಾಕ ಆಗೂದಿಲ್ಲ, ನಾನೂ ಕೂಡ ಬರ್ತೇನಿ. ಹೋಗೂಣು, ಏಳ್ರಿ."

ಅವರು ಆಗಲೇ ಹೆಗಲಿಗೆ ಟವೆಲ್ಲು ಹಾಕಿಕೊಂಡಿದ್ದರು. ನಾನು ಏಳಲಿಲ್ಲ. ಕೊನೆಯ ಬಸ್ಸು ತಪ್ಪುತ್ತದೆ, ಮುಂದಿನ ಸಲ ಖಂಡಿತ ಬರುತ್ತೇನೆ ಎಂದೆ. "ಹಂಗಾರ ಬರ್ರಿ," ಎಂದಷ್ಟೇ ಹೇಳಿ ಟವೆಲ್ಲನ್ನು ಗೂಟಕ್ಕೆ ಹಾಕಿದರು.

ನಾನು ಮತ್ತೆ ಆ ಹಳ್ಳಿಗೆ ಹೋದದ್ದು ಒಂಬತ್ತು ವರ್ಷಗಳ ಮೇಲೆ. ಮುಕಾದಮರು ತೀರಿಕೊಂಡು ಎರಡು ಮಳೆಗಾಲ ಕಳೆದಿದ್ದವು. ಹಳ್ಳದಾಚೆಯ ಕುಟುಂಬ ಎಲ್ಲಿಗೆ ಹೋಯಿತೆಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ.

ಈಗ ನನಗೆ ಎಂಬತ್ತು ದಾಟಿದೆ. ಯಾರನ್ನಾದರೂ ಒಂದು ಗಳಿಗೆಯಲ್ಲಿ ನಮ್ಮವರನ್ನಾಗಿ ಮಾಡಿಕೊಳ್ಳುವುದು ಅಪ್ಪನಿಂದ ಕಲಿಯಬೇಕು ಎಂದು ಮಗ ಬಂದವರ ಮುಂದೆಲ್ಲ ಹೇಳುತ್ತಾನೆ. ಅದನ್ನು ಕಲಿಸಿದವರು ಯಾರು, ಅವರಿಗೆ ನಾನು ಏನು ಮಾಡಿದೆ ಎಂದು ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳಲಾಗಿಲ್ಲ.

ಹಳ್ಳದಾಚೆ ಇದ್ದ ಆ ಮನುಷ್ಯನ ಹೆಸರನ್ನಂತೂ ನಾನು ಅವತ್ತು ಕೇಳಲೇ ಇಲ್ಲ... ಈಗ ಕೇಳೋಣವೆಂದರೆ, ಹೇಳಬಲ್ಲವರು ಯಾರೂ ಉಳಿದಿಲ್ಲ.