ಕೆನ್ನೆಯ ಮೇಲಿನ ಹನಿ

ನನ್ನ ಗೆಳತಿ ಬುಧವಾರ ಬೆಳಗಿನ ಜಾವ ತೀರಿಕೊಂಡಳು. ಹೃದಯ ನಿಂತಿತು ಎಂದರು ಡಾಕ್ಟರು. ಚಿತ್ರಶಾಲೆಯಲ್ಲಿ ಅವಳು ಗೈಡ್, ನಾನು ಟಿಕೆಟ್ ಕಿಟಕಿಯವಳು. ಮಧ್ಯಾಹ್ನದ ಡಬ್ಬಿ ಜೊತೆಯಲ್ಲೇ ಬಿಚ್ಚುತ್ತಿದ್ದೆವು.

ಅವಳು ಮಾತಿನಮಲ್ಲಿ. ಯುದ್ಧದ ಚಿತ್ರದ ಮುಂದೆ ಜನರನ್ನು ನಿಲ್ಲಿಸಿ, "ಕುದುರೆ ಕಾಲು ಎಣಿಸಿ ನೋಡೋಣ" ಎನ್ನುವಳು. ಐದು! ಚಿತ್ರಕಾರ ಮನಸ್ಸು ಬದಲಿಸಿ ಒಂದು ಕಾಲಿನ ಮೇಲೆ ಬಣ್ಣ ಬಳಿದಿದ್ದ. ಆ ಬಣ್ಣ ವರ್ಷಗಳು ಕಳೆದಂತೆ ತೆಳುವಾಗಿ ಹಳೆಯ ಕಾಲು ಇಣುಕಿತ್ತು. "ಓಡೋ ಕುದುರೆ, ಒಂದು ಸ್ಪೇರ್ ಇರ್ಲಿ ಬಿಡಿ" ಎಂದು ನಗಿಸುತ್ತಿದ್ದಳು.

ಆದರೆ ಜನ ಮುಗಿಬೀಳುತ್ತಿದ್ದುದು ಅಳುವ ಹೆಂಗಸನ್ನು ನೋಡಲು. ಮುನ್ನೂರು ವರ್ಷದ ಪಟ. ಕಿಟಕಿಯ ಬಳಿ ಕೂತ ಹೆಂಗಸು, ಕೆನ್ನೆಯ ಮೇಲೆ ಒಂದೇ ಹನಿ. ಆ ಹನಿಯನ್ನು ಮೊದಲು ಕಂಡವಳು ನನ್ನ ಗೆಳತಿಯೇ. ಪಟಗಳನ್ನು ಶುಚಿಮಾಡಿ ವಾರ್ನಿಷ್ ಬಳಿಯುತ್ತಿದ್ದವನು ಅವಳ ಸ್ವಂತ ಅಣ್ಣ. "ಅಣ್ಣಾ, ಕೊಳೆ ತೆಗೆದ್ಮೇಲೆ ಈ ಕಣ್ಣೀರು ಕಾಣಿಸ್ತಾ?" ಎಂದು ಕೇಳಿದ್ದಳು. ಅಣ್ಣ "ಹೂಂ" ಎಂದಿದ್ದ.

ಆ ಹೆಂಗಸಿನ ಗಂಡ ಕಡಲಿಗೆ ಹೋಗಿ ಮರಳಲಿಲ್ಲವೆಂಬುದು ಹಳೆಯ ದಾಖಲೆಯಲ್ಲಿತ್ತು. ಇವಳು ಆ ದುಃಖವನ್ನೂ ಹನಿಯನ್ನೂ ಕೂಡಿಸಿ ಹೇಳಿದರೆ ಕೇಳುವವರು ಪಟದ ಮುಂದಿನಿಂದ ಕದಲುತ್ತಿರಲಿಲ್ಲ. ಗಂಡನನ್ನು ಕಳಕೊಂಡವರು ಅವಳ ಕೈ ಹಿಡಿದು ಅತ್ತದ್ದನ್ನು ನಾನೇ ಕಂಡಿದ್ದೇನೆ.

ಅಣ್ಣ ನಿವೃತ್ತನಾದ. ಅವನ ಜಾಗಕ್ಕೆ ಬಂದವಳು ಹಳದಿಗಟ್ಟಿದ ವಾರ್ನಿಷ್ ತೆಗೆಯುವಾಗ ಕಣ್ಣೀರು ಹತ್ತಿಗೆ ಅಂಟಿಕೊಂಡು ಬಂತು. ಬ್ರಷ್ಷಿನಿಂದ ತೊಟ್ಟಿಕ್ಕಿದ ವಾರ್ನಿಷ್ ಅದು. ಕೆಳಗೆ ಒಣ ಕೆನ್ನೆ.

ಅಂದು ಸಂಜೆ ಗೆಳತಿಯ ಜೊತೆ ಅವಳ ಅಣ್ಣನ ಮನೆಗೆ ನಾನೂ ಹೋದೆ.

"ಹೌದು ಕಣೇ, ಕೈತಪ್ಪಿ ಬಿತ್ತು. ಮೇಲಿನವರಿಗೆ ಗೊತ್ತಾದ್ರೆ ಕೆಲಸ ಹೋಗ್ತಿತ್ತು. ನೀನೇ ಕಣ್ಣೀರು ಅಂದೆ, ನಾನು ಸುಮ್ನಾದೆ."

"ಆಮೇಲೆ? ನಾನು ಹೇಳೋದನ್ನ ಎದುರಿಗೇ ನಿಂತು ಕೇಳ್ತಿದ್ಯಲ್ಲಣ್ಣಾ!"

"ಎಷ್ಟು ಚೆನ್ನಾಗಿ ಹೇಳ್ತಿದ್ದೆ... ಒಂದು ಹನಿಗೆ ಇಷ್ಟು ರಾದ್ಧಾಂತನಾ?"

"ನನ್ನ ನಂಬಿ ಅತ್ತೋರಿಗೆ ಈಗ ಏನ್ ಹೇಳ್ಲಿ?"

ಅತ್ತಿಗೆ ತಂದಿಟ್ಟ ಚಹಾ ಮುಟ್ಟದೆ ಎದ್ದಳು. ಮುಂದೆ ಅಣ್ಣನ ಫೋನ್ ಎತ್ತಲಿಲ್ಲ. ಆ ಪಟವಿದ್ದ ಕೋಣೆಗೂ ಜನರನ್ನು ಕರೆದೊಯ್ಯಲಿಲ್ಲ. "ಬೇರೆ ಯಾರಾದ್ರೂ ಮಾಡಿದ್ರೆ ನಕ್ಕುಬಿಡ್ತಿದ್ದೆ ಕಣೇ" ಎಂದಳು ಒಮ್ಮೆ ಊಟದ ಹೊತ್ತಿನಲ್ಲಿ. ಅವನ ಮೇಲಿನ ಸಿಟ್ಟು ನನಗಂತೂ ಇನ್ನೂ ಆರಿಲ್ಲ.

ಅವಳು ತೀರಿಕೊಳ್ಳುವ ಹಿಂದಿನ ದಿನ, ಮಂಗಳವಾರ, ಅಣ್ಣ ಟಿಕೆಟ್ ಕೊಂಡು ಒಳಗೆ ಬಂದ. ನಾನು ಕಿಟಕಿ ಮುಚ್ಚಿ ಹಿಂದೆಯೇ ಹೋದೆ. ಅವಳ ಗುಂಪಿನ ಕೊನೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅವಳು ಅವನನ್ನು ನೋಡಿ ಮುಂದಿನ ಪಟದತ್ತ ತಿರುಗಿದಳು.

"ಅಳೋಳು ಒಬ್ಳು ಇದ್ಲಲ್ಲ, ಎಲ್ಲಮ್ಮ ಅವ್ಳು?" ಎಂದು ಒಬ್ಬರು ಅಜ್ಜಿ ಕೇಳಿದರು.

ಅವಳು ಎಲ್ಲರನ್ನೂ ಆ ಕೋಣೆಗೆ ಕರೆದೊಯ್ದಳು.

"ಇವ್ಳೇ ಅಜ್ಜಿ. ಅಳ್ತಾನೇ ಇರ್ಲಿಲ್ವಂತೆ. ಏನಾಯ್ತು ಅಂತ ನಮ್ಮಣ್ಣ ಹೇಳ್ತಾರೆ, ಹಿಂದೆ ನಿಂತಿದ್ದಾರಲ್ಲ, ಅವ್ರೇ."

ತೋರುಕೋಲನ್ನು ಅವನ ಕೈಗಿತ್ತು, ಅಜ್ಜಿಯ ಪಕ್ಕಕ್ಕೆ ಹೋಗಿ, ಕೇಳಲು ನಿಂತಳು.