ಮೂರನೇ ಸಲದ ಜಿಲೇಬಿ

ಶಾಮನೂರಿನ ಬೀಗರ ಮನೆಯಲ್ಲಿ ಆಶಾರಾಣಿಯ ನಾಲ್ಕು ವರ್ಷದ ಮಗಳು ಇಂಚರಾ, ಕೊಟ್ಟ ಕೂಡಲೇ ಉಂಡೆಗೆ ಕೈಯೊಡ್ಡಿದ್ದಳು. “ಮನ್ಯಾಗ ಉಪಾಸ ಕೆಡವ್ತಾರೆ ಅಂದ್ಕಳಲ್ವೇನೆ ಮಂದಿ?” ಎಂದು ಅತ್ತೆ ಬಸವಣ್ಣೆಮ್ಮ ದಾರಿಯುದ್ದಕ್ಕೂ ಚುಚ್ಚಿದ್ದರು. ಅಂದೇ ಆಶಾರಾಣಿ ಮಗಳಿಗೆ ಪಾಠ ಹೇಳಿದಳು: “ಎರಡು ಸಲ ಬೇಡ ಅನ್ನು, ಮೂರನೇ ಸಲ ಕೊಟ್ಟರೆ ತಗೋ.”

ಈ ಭಾನುವಾರ ಹರಿಹರದಲ್ಲಿ ಅತ್ತೆಯ ತಂಗಿ ಜಿಲೇಬಿ ತಟ್ಟೆ ಚಾಚಿದರು. ಹಸಿದಿದ್ದ ಇಂಚರಾ ಅಮ್ಮನ ಮುಖ ನೋಡಿ, “ಬ್ಯಾಡಜ್ಜಿ” ಎಂದಳು.

“ಇರ್ಲಿ ಬಿಡವ್ವ, ಈಗಿನ್ ಮಕ್ಳಿಗೆ ಒತ್ತಾಯ ಮಾಡ್ಬಾರ್ದಂತೆ,” ಎಂದು ಅಜ್ಜಿ ತಟ್ಟೆಯನ್ನು ಒಳಗಿಟ್ಟರು.

“ಭಾಳ ಚಲೋ ಕಲಿಸಿಯವ್ವ!” ಎಂದು ಅತ್ತೆ ಮೊದಲ ಸಲ ಹೊಗಳಿದರು.

ಇಂಚರಾ ಅಮ್ಮನ ವೇಲು ಜಗ್ಗಿ ಎರಡು ಬೆರಳು ತೋರಿಸಿದಳು, ಅಜ್ಜಿ ಇನ್ನೂ ಎರಡು ಸಲ ಕೇಳಬೇಕಲ್ಲ ಎಂಬಂತೆ. ಈಗ ಬಾಯಿಬಿಟ್ಟು ಬೇಡುವುದು ಹೇಗೆ? ಆಶಾರಾಣಿ ನಗುತ್ತಲೇ ಆ ಬೆರಳುಗಳನ್ನು ಮೆಲ್ಲಗೆ ಮಡಚಿದಳು.